ಎಡದಿಂದ ಬಲಕ್ಕೆ, ಹದಿನೇಳು

ಗುಂಡಿ ಮಾಡಿದ ತಪ್ಪು ಇಷ್ಟೇ: ಆ ಮಂಗಳವಾರ ತನ್ನ ಕೆಲಸವನ್ನು ಸರಿಯಾಗಿ ಮಾಡಿಬಿಟ್ಟಳು. ಉಳಿದ ರಾದ್ಧಾಂತವೆಲ್ಲ ಅದರ ಬಾಲ ಹಿಡಿದು ಬಂದದ್ದು.

ಗುಂಡಿ ಅಂದರೆ ಗುಂಡಿ ಹೊಲಿಯುವವಳು. ನಮ್ಮ ಅಂಗಿ ಫ್ಯಾಕ್ಟರಿಯಲ್ಲಿ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಅಂಗಿಗೆ ಯಾರು ಏನು ಹೊಲಿಯುತ್ತಾರೋ ಅದೇ ಅವರ ಹೆಸರು. ಜೇಬು, ಕಾಲರ್, ತೋಳು, ಕಫ್, ಅಂಚು, ಗುಂಡಿ. ಸಾಲಿನ ಕೊನೆಯಲ್ಲಿ ನಾನು, ರಿಪೇರಿ. ಸೊಟ್ಟಗಾದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯುವುದು ನನ್ನ ಕೆಲಸ. 'ಊರವರ ತಪ್ಪು ಹುಡುಕಿ ಸಂಬಳ ತಗೊಳ್ಳೋಳು' ಎಂದು ನನ್ನ ತಮ್ಮ ಆಡಿಕೊಳ್ಳುತ್ತಾನೆ. ಅವನ ಹೆಂಡತಿಯೇ ಜೇಬು. ಮನೆಯಲ್ಲಿ ಅವಳು ನನ್ನ ತಪ್ಪು ಹುಡುಕುತ್ತಾಳೆ, ಅಲ್ಲಿಗಲ್ಲಿಗೆ ಸರಿಹೋಗುತ್ತದೆ.

ಮೂರು ವರ್ಷದ ಹಿಂದೆ ನಮ್ಮ ನೆಲಮಹಡಿಗೆ ಹೊಸ ಮ್ಯಾನೇಜರ್ ಬಂದ. ಕೊರಳಿಗೆ ಸೆಕೆಂಡು ಎಣಿಸುವ ಗಡಿಯಾರ ನೇತುಹಾಕಿಕೊಂಡು, ಕಾಲರ್ ಹಚ್ಚಲು ಎಷ್ಟು ಸೆಕೆಂಡು, ಮೂಗು ಒರೆಸಿಕೊಳ್ಳಲು ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುತ್ತಿದ್ದ. ಅವನಿಗೂ ಹೆಸರಿಟ್ಟೆವು: ಗಡಿಯಾರ. ಬಂದ ವಾರದೊಳಗೆ ಗೋಡೆಗೊಂದು ನೋಟಿಸು ಅಂಟಿಸಿದ. 'ಕೆಲಸದ ವೇಳೆಯಲ್ಲಿ ಮಾತು ನಿಷಿದ್ಧ. ಮಾತು ಬೆಳ್ಳಿ, ಮೌನ ಬಂಗಾರ.' ನಮ್ಮೆಲ್ಲರಿಗಿಂತ ಹಿರಿಯಳಾದ ಕಾಲರಕ್ಕ ಅದನ್ನು ಓದಿ, "ಹಾಗಾದ್ರೆ ಸಂಜೆ ಮನೆಗೆ ಹೋಗುವಾಗ ತಲೆಗೊಂದು ಬಳೆ ಮಾಡಿಸಿ ಕೊಡ್ಲಿ" ಅಂದಳು. ಮೆಷಿನ್ನಿನ ಮುಂದೆ ಕೂತು ಅವಳಾಡಿದ ಕೊನೆಯ ಮಾತು ಅದು. ಆಮೇಲೆ ಊಟದ ಅರ್ಧ ಗಂಟೆ ಬಿಟ್ಟರೆ ಬಾಯಿಗೆ ಬೀಗ.

ಬಾಯಿಗೆ ಬೀಗ ಹಾಕಬಹುದು, ತಲೆಗೆ ಹೇಗೆ ಹಾಕುತ್ತಾನೆ? ಎಂಟನೇ ದಿನ ಜೇಬು ಊಟದ ಡಬ್ಬಿಗೆ ಸುತ್ತಿ ತಂದ ಪೇಪರಿನಲ್ಲಿ ಭಾನುವಾರದ ಪದಬಂಧವಿತ್ತು. ಅವಳಿಗೊಂದು ಪದ ಹೊಳೆಯಿತು, ಬರೆದಳು. ಹೊಳೆದದ್ದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಅವಳಿಗಿಲ್ಲ. ಪೇಪರನ್ನು ಮಡಿಸಿ ಆಗಷ್ಟೇ ಹೊಲಿದ ಜೇಬಿನೊಳಗೆ ತುರುಕಿ ಮುಂದಕ್ಕೆ ತಳ್ಳಿದಳು. ಅಂಗಿಯ ಜೊತೆ ಪದಬಂಧವೂ ಹೊರಟಿತು. ಕಾಲರಕ್ಕ ಒಂದು ಪದ ತುಂಬಿದಳು, ತೋಳು ಒಂದು, ಕಫ್ ಎರಡು. ಹೊಲಿಗೆ ಒಂದು ಕ್ಷಣವೂ ನಿಲ್ಲಲಿಲ್ಲ. ದಾರ ಕತ್ತರಿಸುವ ಹೊತ್ತಿನಲ್ಲಿ ಒಂದು ಪದ ಬರೆಯಲು ಬರದಿದ್ದರೆ ನಾವು ಹೊಲಿಗೆಯವರೇ ಅಲ್ಲ.

ಅಂಗಿಗಿರುವ ಕಟ್ಟಳೆಗಳೇ ಪದಬಂಧಕ್ಕೂ ಬಂದವು. ಹಿಂದಿನವಳ ಕೆಲಸಕ್ಕೆ ಮುಂದಿನವಳು ಕೈಹಾಕಬಾರದು. ತಪ್ಪಿದ್ದರೆ ಅಳಿಸುವ ಹಕ್ಕು ನನ್ನದೊಬ್ಬಳದೇ. ಆದರೆ ಒಂದು ತೊಡಕಿತ್ತು. ಕುಂದಿರುವ ಅಂಗಿ ಮಾತ್ರ ನನ್ನ ಬುಟ್ಟಿಗೆ ಬರುತ್ತದೆ. ಸರಿಯಿರುವುದು ನೇರ ಇಸ್ತ್ರಿಗೆ ಹೋಗಿ ಅಲ್ಲಿಂದ ಪೆಟ್ಟಿಗೆ ಸೇರುತ್ತದೆ. ಅದಕ್ಕೂ ಕಾಲರಕ್ಕನೇ ಉಪಾಯ ಹೂಡಿದಳು. ಪದಬಂಧ ಹೊತ್ತು ಬಂದ ಅಂಗಿಗೆ ಮೇಲಿನಿಂದ ಐದನೇ ಗುಂಡಿ ಹಾಕದೆ ಬಿಡುವುದು. ಜೇಬು ಮುಟ್ಟಿದರೆ ಪೇಪರ್ ಸರಕ್ ಅನ್ನುತ್ತದೆ, ಗುಂಡಿಗೆ ಗೊತ್ತಾಗುತ್ತದೆ. ಹೀಗೆ ದಿನಕ್ಕೊಂದು ಅಂಗಿ ಬೇಕೆಂದೇ ಕುಂಟಾಗಿ ನನ್ನ ಬಳಿ ಬರುತ್ತಿತ್ತು. ನಾನು ಪೇಪರ್ ತೆಗೆದಿಟ್ಟುಕೊಂಡು, ಐದನೇ ಗುಂಡಿಯನ್ನು ಕೈಯಲ್ಲೇ ಹೊಲಿದು ಇಸ್ತ್ರಿಗೆ ಕಳಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಪೇಪರ್ ಮತ್ತೆ ಜೇಬಿನ ಕೈಗೆ. ಗುರುವಾರದ ಹೊತ್ತಿಗೆ ತುಂಬಿರುತ್ತಿತ್ತು. ಶುಕ್ರವಾರ ಸಂಜೆ ಬಸ್ ನಿಲ್ದಾಣದ ಮೂಲೆಯಲ್ಲಿರುವ ಪತ್ರಿಕೆಯ ಡಬ್ಬಕ್ಕೆ ಹಾಕುತ್ತಿದ್ದೆ. ಸರಿಯುತ್ತರ ಕಳಿಸಿದವರ ಹೆಸರುಗಳು ಭಾನುವಾರ ಅಚ್ಚಾಗುತ್ತವೆ. ಏಳು ಜನರಲ್ಲಿ ಯಾರ ಹೆಸರು ಬರೆಯುವುದು? ಅದಕ್ಕೂ ಕಟ್ಟಳೆ ಇತ್ತು. ಕೊನೆಯ ಪದ ಯಾರಿಂದ ಸಿಕ್ಕಿತೋ ಅವರದು. ಕಾಲರಕ್ಕನ ಹೆಸರು ಎಷ್ಟೋ ಸಲ ಬಂದಿದೆ. ತೋಳಿನದು, ಅಂಚಿನದು, ನನ್ನದೂ ಬಂದಿದೆ. ಗುಂಡಿಯದು ಒಮ್ಮೆಯೂ ಬಂದಿಲ್ಲ.

ಯಾಕೆಂದರೆ ಗುಂಡಿಗೆ ಕಣ್ಣು ಮಂಜಾಗುತ್ತ ಬಂದು ಮೂರು ವರ್ಷವಾಗಿತ್ತು. ಇದು ನಮ್ಮ ಸಾಲಿಗೆ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗುಂಡಿ ಕೂರಬೇಕಾದ ಜಾಗಕ್ಕೆ ಅಂಚು ದಪ್ಪ ನೀಲಿ ಸೀಮೆಸುಣ್ಣದ ಚುಕ್ಕೆ ಇಟ್ಟು ಕಳಿಸುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದು ಕಫ್‌ನ ಪಾಲು. ಪದಬಂಧದಲ್ಲಿ ಅವಳ ಪಾಲಿನ ಸುಳಿವನ್ನೂ ಅಂಚು ಬಟ್ಟೆಯ ಚೂರಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು ಕೊಡುತ್ತಿದ್ದಳು. ಇಷ್ಟು ಆಸರೆ ಇದ್ದರೆ ಗುಂಡಿಯ ಕೈಗೆ ಸಾಟಿಯಿಲ್ಲ. ಅವಳು ಹಾಕಿದ ಗುಂಡಿ ಅಂಗಿ ಸವೆದರೂ ಕಿತ್ತು ಬರುವುದಿಲ್ಲ. ಬೇರೆ ಸಾಲಿನಲ್ಲಿ ಕೂರಿಸಿದರೆ ಮಾತ್ರ ಒಂದೇ ವಾರದಲ್ಲಿ ಬಣ್ಣ ಬಯಲಾಗಿ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಅವಳೊಬ್ಬಳೇ. ಮಾತಾಡಲು ಗೋಡೆ ಬಿಟ್ಟರೆ ಇನ್ನಾರಿಲ್ಲ, ಮಾತಿಲ್ಲದೆ ಅವಳು ಬದುಕುವವಳೂ ಅಲ್ಲ.

ಆ ವಾರ ಬಂದದ್ದು ಸದ್ದಿನ ಪದಬಂಧ. ಇಪ್ಪತ್ತೆರಡು ಉತ್ತರಗಳೂ ಸದ್ದಿನ ಮಾತುಗಳೇ ಆಗಿರಬೇಕು ಎಂದು ಮೇಲೆ ಬರೆದಿತ್ತು. ಅದನ್ನು ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ. ಮೂರು ವರ್ಷ ಬಾಯಿ ಹೊಲಿದುಕೊಂಡವರ ಕೈಗೆ ಗದ್ದಲವನ್ನೇ ಮಡಿಸಿ ಕೊಟ್ಟಿದ್ದರು. 'ಹೊಸ ಬಟ್ಟೆಯ ಸೊಕ್ಕು' ಎಂಬುದಕ್ಕೆ ಕಾಲರಕ್ಕ ಕಣ್ಣು ಮಿಟುಕಿಸುವುದರೊಳಗೆ 'ಗರಿಗರಿ' ಎಂದು ಬರೆದಳು. 'ಕಿವಿಯಲ್ಲಿ ಹುಟ್ಟಿ ಊರು ಸುತ್ತುವುದು', ಜೇಬು ಬರೆದಳು, 'ಗುಸುಗುಸು'. 'ಎದೆಯ ಕದ ತಟ್ಟುವುದು', ತೋಳಿನ 'ಡವಡವ'. 'ಹಸಿದ ಹೊಟ್ಟೆಯ ಕರೆ', ಕಫ್‌ನ 'ಚುರುಚುರು'. 'ಅಳು ಕಟ್ಟೆಯೊಡೆದಾಗ', ಅಂಚಿನ 'ಗಳಗಳ'. 'ಬಾಯಿ ಮುಚ್ಚದವರ ಆಸ್ತಿ' ಎಂಬ ಸುಳಿವನ್ನು ಎಲ್ಲರೂ ಗುಂಡಿಗೇ ಬಿಟ್ಟುಕೊಟ್ಟಿದ್ದರು. ಅವಳು 'ವಟವಟ' ಎಂದು ಬರೆದು, ಪಕ್ಕದಲ್ಲಿ ನಾಲಿಗೆ ಚಾಚಿದ ಒಂದು ಮುಖ ಬಿಡಿಸಿದ್ದಳು. ಅದನ್ನು ಅಳಿಸಬೇಕಾದವಳು ನಾನು. ಅಳಿಸಲಿಲ್ಲ.

ಮಂಗಳವಾರದ ಊಟದ ಹೊತ್ತಿಗೆ ಒಂದೇ ಒಂದು ಪದ ಉಳಿದಿತ್ತು. ಎಡದಿಂದ ಬಲಕ್ಕೆ, ಹದಿನೇಳು. 'ಸಹನೆ ಚೂರಾದಾಗ ಏಳುವ ಸದ್ದು.' ನಾಲ್ಕು ಚೌಕ. ಮೇಲಿನಿಂದ ಇಳಿದು ಬಂದ ಎರಡು ಪದಗಳು ಎರಡನೇ ಚೌಕಕ್ಕೂ ನಾಲ್ಕನೇ ಚೌಕಕ್ಕೂ 'ರ' ಕೊಟ್ಟಿದ್ದವು. ಇನ್ನೆರಡು ಚೌಕ ಖಾಲಿ. ಕನ್ನಡದಲ್ಲಿ ಸದ್ದಿನ ಅರ್ಧ ಪದಗಳು ಹೀಗೇ ಮುಗಿಯುತ್ತವೆ. ಡಬ್ಬಿ ಬಿಚ್ಚುವ ಕೋಣೆಯಲ್ಲಿ ಜಗಳವೇ ಆಯಿತು.

"ಕರಕರ" ಅಂದಳು ತೋಳು. "ನಮ್ಮತ್ತೆಗೆ ಸಿಟ್ಟು ಬಂದ್ರೆ ಕರಕರ ಹಲ್ಲು ಕಡೀತಾರೆ. ಪಕ್ಕದ ಮನೆಗೆ ಕೇಳಿಸುತ್ತೆ."

"ದರದರ" ಅಂದಳು ಕಫ್. "ಸಹನೆ ಹೋದ್ರೆ ನಮ್ಮಪ್ಪ ಜುಟ್ಟು ಹಿಡ್ಕೊಂಡು ದರದರ ಎಳೀತಿದ್ರು. ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಎರಡೂ ಅಲ್ಲ, ಬಿರಬಿರ" ಅಂದಳು ಜೇಬು, ನನ್ನನ್ನೇ ನೋಡುತ್ತ. "ಅಕ್ಕಾ, ನಿಮ್ಮ ತಮ್ಮ ಎರಡು ಮಾತು ಬಿದ್ದ ತಕ್ಷಣ ಬಿರಬಿರ ಅಂತ ಎದ್ದು ಹೊರಟುಬಿಡಲ್ವಾ?"

"ನಡಿಗೆಗೆಲ್ಲಿಯ ಸದ್ದೇ? ಬರೀ ಗಾಳಿ" ಅಂದೆ ನಾನು.

ಅವರವರ ಮನೆಯ ಸಿಟ್ಟು ಅವರವರಿಗೆ. ಗುಂಡಿಯ ಮನೆಯಲ್ಲಿ ಸಿಟ್ಟು ಮಾಡುವವರೇ ಇಲ್ಲ. ಅವಳು ಸುಮ್ಮನೆ ಕೂತು ಬಟ್ಟೆಯ ಚೂರನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದಳು. "ಇದು ನಂದು. ಯಾರೂ ಬರೀಬೇಡ್ರೇ" ಅಂದಳು. ಅವಳ ಆಸೆ ನಮಗೆ ಗೊತ್ತಿತ್ತು. ಕೊನೆಯ ಪದ ಸಿಕ್ಕರೆ ಭಾನುವಾರದ ಪೇಪರಿನಲ್ಲಿ ಒಂದು ಸಲವಾದರೂ ಅವಳ ಹೆಸರು.

ಆ ಆಸೆಯೇ ಮುಳುವಾಯಿತು. ಮಧ್ಯಾಹ್ನ ಪೇಪರ್ ಹೊತ್ತ ಅಂಗಿ ಅವಳ ಕೈಗೆ ಬಂದಾಗ ತಲೆಯೆಲ್ಲ ಹದಿನೇಳರಲ್ಲಿತ್ತು. ಹತ್ತೊಂಬತ್ತು ವರ್ಷ ಪಳಗಿದ ಕೈ ತನ್ನ ಪಾಡಿಗೆ ತಾನು ನಡೆಯಿತು. ಒಂದು, ಎರಡು, ಮೂರು, ನಾಲ್ಕು, ಐದು. ಒಂದು ಕುಂದೂ ಇಲ್ಲದ ಅಂಗಿ ನನ್ನ ಬುಟ್ಟಿಯ ಪಕ್ಕದಿಂದಲೇ ಇಸ್ತ್ರಿಗೆ ಹೋಯಿತು. ಸಂಜೆ ಬುಟ್ಟಿಯಲ್ಲಿ ಪೇಪರ್ ಕಾಣದಾಗ ನನ್ನ ಎದೆಯಲ್ಲಿ ತೋಳು ಬರೆದ ಪದವೇ ಹೊಡೆದುಕೊಳ್ಳತೊಡಗಿತು.

ಬುಧವಾರ ಬಟ್ಟೆ ಕೊಳ್ಳುವವರ ಕಡೆಯಿಂದ ತಪಾಸಣೆಗೆ ಬಂದವನು ಎಪ್ಪತ್ತು ಪೆಟ್ಟಿಗೆಗಳಲ್ಲಿ ಒಂದನ್ನು ಬಿಚ್ಚಿಸಿದ, ಅದರಲ್ಲೊಂದು ಅಂಗಿ ತೆಗೆದು ಜೇಬಿಗೆ ಕೈಹಾಕಿದ. ನಮ್ಮ ಹಣೆಬರಹ. ಅರ್ಧ ಗಂಟೆಯಲ್ಲಿ ಗಡಿಯಾರ ನಮ್ಮ ಸಾಲಿನ ತಲೆಗೆ ಬಂದು ನಿಂತ. ಒಂದು ಕೈಯಲ್ಲಿ ಅಂಗಿ, ಇನ್ನೊಂದರಲ್ಲಿ ಇಸ್ತ್ರಿಯಾದ ಪೇ‌ಪರ್.

"ಇದು ಯಾರದ್ದು?"

ಮೆಷಿನ್‌ಗಳು ಒಂದೊಂದಾಗಿ ನಿಂತವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲ.

"ಹೊರಗಿನೋರ ಮುಂದೆ ನನ್ನ ಮಾನ ಹೋಯ್ತು. ಹೊಸ ಅಂಗಿ ಜೇಬಲ್ಲಿ ಕಸ!"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಕಸ ಅಲ್ಲ ಸಾರ್, ಪದಬಂಧ" ಅಂದುಬಿಟ್ಟೆ.

"ಓಹೋ! ಹಾಗಾದ್ರೆ ನಿಂದು."

"ನಂದು ಅನ್ಲಿಲ್ಲ ಸಾರ್. ಕಸ ಅಲ್ಲ ಅಂದೆ."

ಅವನು ಪೇಪರನ್ನು ಬೆಳಕಿಗೆ ಹಿಡಿದ. ಏಳು ಕೈಬರಹ ಅಲ್ಲಿ ಎದ್ದು ಕಾಣುತ್ತಿದ್ದವು. "ಎಲ್ರೂ ಸೇರಿ ಕಂಪನಿ ಟೈಮ್ ತಿಂದಿದ್ದೀರಿ."

ನಾನು ಗೋಡೆಯ ಹಲಗೆ ತೋರಿಸಿದೆ. ಮಂಗಳವಾರದ ಗುರಿ ನೂರ ಎಂಬತ್ತು ಅಂಗಿ. ನಾವು ಹೊಲಿದದ್ದು ನೂರ ತೊಂಬತ್ತೊಂದು. ಬರೆದದ್ದು ಅವನದೇ ಕೈ. "ತಿಂದಿದ್ದೆಲ್ಲಿ ಸಾರ್? ಬಡಿಸಿದ್ದೀವಿ."

ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು. "ಸರಿ, ಕೇಳಿಸ್ಕೊಳ್ಳಿ. ನಂಗೆ ಒಂದೇ ಒಂದು ಹೆಸರು ಬೇಕು. ಇದನ್ನ ಜೇಬಲ್ಲಿ ಬಿಟ್ಟಿದ್ದು ಯಾರು? ಅವಳು ಮನೆಗೆ. ಉಳಿದೋರು ನೆಮ್ಮದಿಯಾಗಿ ಹೊಲೀರಿ. ಸೋಮವಾರ ಬೆಳಿಗ್ಗೆ ಆ ಹೆಸರು ನನ್ನ ಟೇಬಲ್ ಮೇಲೆ ಇರ್ಬೇಕು. ಇಲ್ಲಾಂದ್ರೆ ಈ ಸಾಲನ್ನೇ ಒಡೀತೀನಿ. ಏಳು ಜನ, ಏಳು ಕಡೆ."

ಏಳು ಕಡೆ ಅಂದರೆ ನಮ್ಮಲ್ಲಿ ಆರು ಜನಕ್ಕೆ ಬೇಸರ. ಗುಂಡಿಗೆ ಕೊನೆ. ಹೆಸರು ಕೊಟ್ಟರೂ ಅವಳಿಗೇ ಕೊನೆ. ಎತ್ತ ತಿರುಗಿದರೂ ಕತ್ತರಿಯ ಬಾಯಿ ಅವಳ ಕಡೆಗೇ ಇತ್ತು.

ಊಟದ ಕೋಣೆಯಲ್ಲಿ ಅವಳು ಡಬ್ಬಿ ಬಿಚ್ಚಲೇ ಇಲ್ಲ. "ನನ್ನ ಹೆಸರೇ ಕೊಟ್ಬಿಡ್ರೇ. ತಪ್ಪು ನಂದು ತಾನೆ? ಹೇಗೂ ಈ ಕಣ್ಣು ಎಷ್ಟು ದಿನ ಅಂತ..."

ನನಗೆ ಸಿಟ್ಟು ಉಕ್ಕಿ ಬಂತು, ಅವಳ ಮೇಲಲ್ಲ, ಆದರೆ ಅವಳ ಮೇಲೆಯೇ ಕೂಗಾಡಿದೆ. "ಏನು ತಪ್ಪೇ? ಗುಂಡಿ ಹಾಕೋಳು ಗುಂಡಿ ಹಾಕಿದ್ದು ತಪ್ಪಾ? ಇವತ್ತು ಅವನಿಗೆ ಗುಂಡಿ ಕಿತ್ತು ಕೊಟ್ರೆ ನಾಳೆ ಕಾಲರ್ ಕೇಳ್ತಾನೆ, ನಾಡಿದ್ದು ತೋಳು. ಆಮೇಲೆ ಮೈಗೆ ಏನು ಹಾಕ್ಕೊಳ್ಳೋದು?"

ಕಾಲರಕ್ಕ ತನ್ನ ಡಬ್ಬಿಯ ಮುಚ್ಚಳದಲ್ಲಿ ಎರಡು ತುತ್ತು ಹಾಕಿ ಗುಂಡಿಯ ಮುಂದೆ ತಳ್ಳಿದಳು. "ಉಣ್ಣು. ಖಾಲಿ ಹೊಟ್ಟೇಲಿ ತೀರ್ಮಾನ ಮಾಡ್ಬಾರ್ದು. ಹೆಸರು ಕೊಡಲ್ಲ, ಮುಗೀತು."

ಸಂಜೆ ಮನೆಯಲ್ಲಿ ತಮ್ಮ ಬುದ್ಧಿ ಹೇಳಲು ಕೂತ. ಅವನಿಗೆ ಲಾರಿಗಳ ಟೈರು ಬದಲಿಸುವ ಕೆಲಸ. ಸವೆದದ್ದನ್ನು ಬಿಚ್ಚಿ ಎಸೆದು ಹೊಸದು ಹಾಕುವುದು ಬಿಟ್ಟರೆ ಬೇರೆ ದಾರಿ ಅವನಿಗೆ ಕಾಣುವುದಿಲ್ಲ.

"ಅಕ್ಕಾ, ಅವಳ ಕಣ್ಣಿನ ವಿಷ್ಯ ಇವತ್ತಲ್ಲ ನಾಳೆ ಗೊತ್ತಾಗೋದೇ. ಒಬ್ಬಳಿಗೋಸ್ಕರ ಒಂದೇ ಮನೆಯ ಇಬ್ರೂ ಯಾಕೆ ಉರಿಯೋ ಬೆಂಕಿಗೆ ಕೈ ಹಾಕ್ತೀರಿ?"

"ನೀನು ಹಾಕ್ಕೊಂಡಿರೋ ಅಂಗಿ ಎಷ್ಟು ವರ್ಷದ್ದೋ?" ಅಂದೆ.

"ಐದೋ ಆರೋ. ಯಾಕೆ?"

"ಬಟ್ಟೆ ಜಾಳಾಗಿದೆ, ಕಾಲರ್ ಸವೆದಿದೆ. ಗುಂಡಿ ಒಂದಾದ್ರೂ ಅಲ್ಲಾಡಿದ್ಯಾ? ಎಳೆದು ನೋಡು."

ಅವನು ಎದೆಯ ಮೇಲಿನ ಗುಂಡಿಯನ್ನು ಎಳೆದು ನೋಡಿದ. ಇನ್ನೊಂದನ್ನೂ ಎಳೆದ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಒಲೆಯ ಮುಂದಿನಿಂದ ಅವನ ಹೆಂಡತಿ ಕೂಗಿದಳು, "ನೋಡಿದ್ರಾ ಅಕ್ಕಾ? ಬಿರಬಿರ! ನಾನು ಹೇಳಿದ್ರೆ ಒಪ್ಪಲಿಲ್ಲ ನೀವು."

ನಗು ಬಂದರೂ ಆ ರಾತ್ರಿ ನನ್ನ ತಲೆಯಲ್ಲಿ ಒಂದೇ ಕೊರೆಯುತ್ತಿತ್ತು. ಅವನು ಹೆಸರು ಕೇಳಿದ್ದಕ್ಕಿಂತ ಪೇಪರನ್ನು ಇಟ್ಟುಕೊಂಡದ್ದು ನನಗೆ ಹೆಚ್ಚು ಉರಿಸಿತ್ತು. ಅದು ನಮ್ಮದು. ಅವನು ಬಾಯಿ ಮುಚ್ಚಿಸಿದ ಮೇಲೆ ನಾವು ನಾವಾಗಿ ಉಳಿದದ್ದು ಆ ಚೌಕಗಳೊಳಗೆ ಮಾತ್ರ.

ಗುರುವಾರ ಹತ್ತು ಗಂಟೆಗೆ ನಾನು ಕುರ್ಚಿ ಬಿಟ್ಟೆದ್ದು ನೆಟ್ಟಗೆ ಅವನ ಗಾಜಿನ ಕೋಣೆಗೆ ಹೋದೆ. "ಸಾರ್, ಆ ಪೇಪರ್ ಕೊಡಿ. ನಾಳೆ ಸಂಜೆಯೊಳಗೆ ಕಳಿಸ್ಬೇಕು. ಇನ್ನೂ ಒಂದು ಪದ ಬಾಕಿ ಇದೆ."

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಕೂತಲ್ಲಿಂದ ಎದ್ದ. "ಏನು ಧೈರ್ಯ ನಿಂದು? ಕೆಲಸ ಹೋಗೋ ಹೊತ್ತಲ್ಲಿ ಆಟದ ಪೇಪರ್ ಕೇಳ್ತೀಯಾ?"

"ಹೆಸರು ಸೋಮವಾರಕ್ಕೆ ಕೇಳಿದ್ರಿ, ಸೋಮವಾರ ಕೊಡ್ತೀವಿ. ಪೇಪರ್ ಇವತ್ತು ಬೇಕು."

ಇದನ್ನು ಗಾಜಿನ ಕೋಣೆಯಲ್ಲೇ ಮುಗಿಸಿದ್ದರೆ ಅವನು ಗೆಲ್ಲುತ್ತಿದ್ದ. ಆದರೆ ಅವನಿಗೆ ಎಲ್ಲರೂ ನೋಡಬೇಕಿತ್ತು. ಡ್ರಾಯರಿನಿಂದ ಪೇಪರ್ ತೆಗೆದು, ನನ್ನನ್ನು ದಾಟಿ, ಸಾಲಿನ ನಟ್ಟನಡುವೆ ಬಂದು ನಿಂತ. "ಮೆಷಿನ್ ನಿಲ್ಸಿ!" ಅಂದ. ಆರೂ ಮೆಷಿನ್ ನಿಂತು, ಫ್ಯಾನಿನ ಸದ್ದು ಬಿಟ್ಟರೆ ಎಲ್ಲ ಗಪ್‌ಚುಪ್. "ಇದು ತಾನೆ ಬೇಕಾಗಿದ್ದು?" ಎನ್ನುತ್ತ ಪೇಪರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹರಿದ. ಒಂದೇ ಸಲಕ್ಕಲ್ಲ. ಎರಡು ಮಾಡಿದ, ನಾಲ್ಕು ಮಾಡಿದ, ಎಂಟು ಮಾಡಿದ. ಮೂರು ವರ್ಷದಿಂದ ಅವನೇ ಕಾಪಾಡಿಕೊಂಡು ಬಂದ ಮೌನದಲ್ಲಿ ಆ ಸದ್ದು ಮೂಲೆಮೂಲೆಗೂ ಕೇಳಿಸಿತು.

ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ, ಬಂತು. ಗುಂಡಿ ಬಿಡಿಸಿದ ನಾಲಿಗೆ ಚಾಚಿದ ಮುಖ ಎರಡು ಹೋಳಾಗಿ ನೆಲಕ್ಕೆ ಬಿದ್ದದ್ದನ್ನು ನೋಡಿದೆ.

ಆಗ ಹಿಂದಿನಿಂದ ಒಂದು ದನಿ ಎದ್ದಿತು.

"ಪರಪರ!"

ಗುಂಡಿ. ಮೆಷಿನ್ ಹಿಡಿದುಕೊಂಡು ಎದ್ದು ನಿಂತಿದ್ದಳು. ಎತ್ತ ನೋಡಬೇಕೆಂದು ಗೊತ್ತಾಗದೆ ಮುಖವನ್ನು ಸೂರಿನ ಕಡೆ ಎತ್ತಿದ್ದಳು. "ಪರಪರ ಕಣ್ರೇ! ಕರಕರನೂ ಅಲ್ಲ, ದರದರನೂ ಅಲ್ಲ! ಸಹನೆ ಚೂರಾಯ್ತಲ್ಲ ಈಗ, ಕೇಳಿಸ್ಲಿಲ್ವಾ?"

 ಮೊದಲು ಕಾಲರಕ್ಕ ನಕ್ಕಳು. ಹೊಟ್ಟೆಯಿಂದ ಎದ್ದ ನಗು, ಮೂರು ವರ್ಷದ ಬಡ್ಡಿಯೂ ಸೇರಿತ್ತೇನೋ. "ಚೂರಾದಾಗ! ಅಯ್ಯೋ, ಸುಳಿವಲ್ಲೇ ಇತ್ತಲ್ಲೇ!" ಎಂದು ಕೈ ತಟ್ಟಿದಳು.

"ಯಾರು ಮಾತಾಡಿದ್ದು?" ಗಡಿಯಾರ ಗುಡುಗಿದ. "ನೋಟಿಸು ಕಾಣಲ್ವಾ?"

ಗುಂಡಿಗೆ ಅದು ನಿಜವಾಗಿಯೂ ಕಾಣುತ್ತಿರಲಿಲ್ಲ. ಅವನ ಬೆರಳು ಅವಳ ಕಡೆ ತಿರುಗುವುದಕ್ಕೆ ಮೊದಲು ನಾನು ನನ್ನ ಮೇಜಿನಿಂದ ಕಾಲರಿಗೆ ಹಾಕುವ ಒಂದು ರಟ್ಟು, ಒಂದು ಸೀಮೆಸುಣ್ಣ ಎತ್ತಿಕೊಂಡೆ. "ಪೇಪರ್ ಹೋದ್ರೆ ಹೋಗ್ಲಿ" ಅಂದೆ, ಗಟ್ಟಿಯಾಗಿ. "ಅವರವರು ಬರೆದಿದ್ದು ಅವರವರಿಗೆ ನೆನಪಿದ್ಯಲ್ಲ? ಸಾಲಾಗಿ ಹೇಳ್ರೇ."

"ಗುಸುಗುಸು" ಅಂದಳು ಜೇಬು, ಗುಸುಗುಸು ಅಲ್ಲದ ದನಿಯಲ್ಲಿ.

"ಗರಿಗರಿ."

"ಡವಡವ."

"ಚುರುಚುರು. ಅದ್ರ ಕೆಳಗೆ ಪಟಪಟ."

"ಗಳಗಳ."

"ವಟವಟ!" ಇದು ಗುಂಡಿ. "ವಟವಟ ವಟವಟ ವಟವಟ!"

"ಅದು ಒಂದೇ ಸಲ ಕಣೇ" ಅಂದೆ.

ಒಂದು ಅಂಗಿಯ ಹಾಗೆ ತುಂಡು ತುಂಡಾಗಿ, ಕೈಯಿಂದ ಕೈಗೆ, ಇಪ್ಪತ್ತೆರಡು ಪದಗಳೂ ಸಾಲು ದಾಟಿ ನನ್ನ ರಟ್ಟಿಗೆ ಬಂದವು. ಅವನು ನಡುವೆ ನಿಂತು ಒಮ್ಮೆ ಇವಳ ಕಡೆ, ಒಮ್ಮೆ ಅವಳ ಕಡೆ ತಿರುಗುತ್ತಿದ್ದ. ಒಬ್ಬಳನ್ನು ಹಿಡಿಯೋಣವೆಂದರೆ ಇನ್ನೊಬ್ಬಳ ಬಾಯಿ ತೆರೆಯುತ್ತಿತ್ತು. ಕೊನೆಗೆ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದು, "ಸೋಮವಾರ ಹೆಸರು ಬರ್ಲಿಲ್ಲಾಂದ್ರೆ ನೋಡಿ" ಎಂದ.

"ಬರುತ್ತೆ ಸಾರ್" ಅಂದೆ. "ಸೋಮವಾರ ಅಂದ್ರೆ ಸೋಮವಾರ."

ಹಾಗಂದೆ, ಆದರೆ ಏನು ಕೊಡುವುದೆಂದು ನನಗೇ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಊಟದ ಹೊತ್ತಿಗೆ. ಗೇಟಿನ ವಾಚ್‌ಮನ್ ತನ್ನ ಭಾನುವಾರದ ಪೇಪರನ್ನು ಕೊಟ್ಟ. ಅದರ ಪದಬಂಧ ಮುಟ್ಟದೆ ಉಳಿದಿತ್ತು. ರಟ್ಟು ನೋಡಿ ಅದರ ಮೇಲೆ ಪೆನ್ನಿನಲ್ಲಿ ತುಂಬಿದೆ. ಕೆಳಗೆ ಹೆಸರಿನ ಗೆರೆ ಬಂತು. ನಾನು ಗುಂಡಿಯ ಭುಜ ಹಿಡಿದೆ. "ಹೇಳು, ನಿನ್ನ ಪೂರ್ತಿ ಹೆಸರು. ಕೊನೇ ಪದ ನಿಂದು."

ಅವಳು ತಲೆಯಾಡಿಸಿದಳು. "ನಂದೆಲ್ಲೇ? ಕಟ್ಟಳೆ ಏನು? ಕೊನೇ ಪದ ಯಾರಿಂದ ಸಿಕ್ತೋ ಅವರ ಹೆಸರು. ನಂಗೆ ಅವರಿಂದ ಸಿಕ್ತು. ಅವರು ಕೊಟ್ರು, ನಾನು ಕೇಳಿಸ್ಕೊಂಡೆ, ಅಷ್ಟೇ."

"ಏನಂದೆ?"

"ಹರಿದಿದ್ದು ಅವರು ತಾನೆ? ನಂದಲ್ಲದ್ದು ನಂಗ್ಯಾಕೆ?"

 ಆ ಗೆರೆಗಾಗಿ ಅವಳು ಎಷ್ಟು ಕಾದಿದ್ದಳೆಂದು ನಮಗೆಲ್ಲ ಗೊತ್ತಿತ್ತು. ಕಾಲರಕ್ಕ ಮೆಲ್ಲಗೆ, "ಕಟ್ಟಳೆ ಅಂದ್ರೆ ಕಟ್ಟಳೆ" ಅಂದಳು. ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಕಾಜಾದೊಳಗೆ ಗುಂಡಿ ಸಲೀಸಾಗಿ ಕೂತ ಹಾಗೆ ಏನೋ ಒಂದು ತಟ್ಟನೆ ಕೂತಿತು. ನಾನು ನೋಟಿಸಿನ ಕೆಳಗಿದ್ದ ಮ್ಯಾನೇಜರನ ಹೆಸರನ್ನು ಇನಿಷಿಯಲ್ ಬಿಡದಂತೆ ನೋಡಿ ಬಂದು ಆ ಗೆರೆಯ ಮೇಲೆ ಬರೆದೆ. ವಿಳಾಸದ ಜಾಗದಲ್ಲಿ ಫ್ಯಾಕ್ಟರಿಯ ವಿಳಾಸ, ನೆಲಮಹಡಿ. ಸುಳ್ಳು ಸಹಿ ಹಾಕಿದೆವು ಎಂದು ಯಾರೂ ಹೇಳಬೇಡಿ. ಅಲ್ಲಿ ಸಹಿಗೆ ಜಾಗವೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಜೇಬು ಪೇಪರ್ ಬಿಚ್ಚಿ ಅಡುಗೆಮನೆಯಲ್ಲೇ ಕುಣಿದಳು. ಹದಿನೇಳು ಕಠಿಣವಾಗಿತ್ತಂತೆ. ಎಲ್ಲವನ್ನೂ ಸರಿಯಾಗಿ ಬಿಡಿಸಿದವರು ಇಡೀ ಊರಿಗೆ ನಾಲ್ಕೇ ಜನ. ಎರಡನೆಯದು ಅವನ ಹೆಸರು.

ಸೋಮವಾರ ಒಂಬತ್ತಕ್ಕೆ ನಾನು ಆ ಪೇಪರನ್ನು ಮಡಿಸಿ, ಹೆಸರಿನ ಕೆಳಗೆ ನೀಲಿ ಸೀಮೆಸುಣ್ಣದ ಗೆರೆ ಎಳೆದು ಗಾಜಿನ ಕೋಣೆಗೆ ಹೋದೆ. ಅವನು ಆಗಲೇ ಬಂದಿದ್ದ, ಮುಖ ಒಂಥರಾ ಆಗಿತ್ತು. ಗೇಟಿನಲ್ಲಿ ವಾಚ್‌ಮನ್ ಸೆಲ್ಯೂಟ್ ಹೊಡೆದು ಅಭಿನಂದನೆ ಹೇಳಿದ್ದನಂತೆ, ಇಸ್ತ್ರಿಯವರು ಕೈ ಕುಲುಕಿದ್ದರಂತೆ. ಯಾಕೆಂದು ಕೇಳಲು ಬಿಗುಮಾನ ಬಿಡದೆ, ಎಲ್ಲದಕ್ಕೂ ತಲೆಯಾಡಿಸಿಕೊಂಡು ಒಳಗೆ ಬಂದಿದ್ದ. ಮೇಜಿನ ಮೇಲೆ ನಮ್ಮ ಸಾಲನ್ನು ಒಡೆಯುವ ಆದೇಶ ಟೈಪಾಗಿ ಸಿದ್ಧವಾಗಿತ್ತು, ಸಹಿ ಒಂದು ಬಾಕಿ. ನಾನು ಪೇಪರನ್ನು ಅದರ ಪಕ್ಕದಲ್ಲಿಟ್ಟೆ.

"ಹೆಸರು ಕೇಳಿದ್ರಲ್ಲ ಸಾರ್."

ಅವನು ನೋಡಿದ. ಮತ್ತೊಮ್ಮೆ ನೋಡಿದ. ಬಾಯಿ ತೆರೆಯುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಎತ್ತಿದವನು ಧಡಕ್ಕನೆ ಎದ್ದು ನಿಂತ. ಆ ಕಡೆ ಫ್ಯಾಕ್ಟರಿಯ ಯಜಮಾನರು. ಅವರ ದನಿ ನಾನು ನಿಂತಲ್ಲಿಗೇ ಕೇಳಿಸುತ್ತಿತ್ತು.

"ಭೇಷ್ ಕಣ್ರೀ! ನಿಮ್ಮಲ್ಲಿ ಇಂಥ ಬುದ್ಧಿ ಇದೆ ಅಂತ ಗೊತ್ತೇ ಇರ್ಲಿಲ್ಲ! ನಾನೂ ನಮ್ಮನೆಯವ್ರೂ ವಾರವೆಲ್ಲ ತಲೆ ಕೆಡಿಸ್ಕೊಂಡ್ವಿ. ಹೇಳಿ, ಆ ಹದಿನೇಳು ನಿಮಗೆ ಹೇಗೆ ಹೊಳೀತು?"

ಅವನು ನನ್ನ ಮುಖ ನೋಡಿದ. ನಾನೂ ಕಣ್ಣು ತಗ್ಗಿಸಲಿಲ್ಲ. ನಂದಲ್ಲ ಅನ್ನಬೇಕು, ಇಲ್ಲ ನಂದು ಅನ್ನಬೇಕು. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಅದು... ಹಾಗೇ ಹೊಳೀತು ಸಾರ್."

"ಉತ್ತರ ಏನು ಬರೆದ್ರಿ? ಇನ್ನೊಂದ್ಸಲ ಹೇಳಿ, ಇವಳಿಗೂ ಕೇಳಿಸ್ಲಿ!"

ಅವನು ಫೋನನ್ನು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಅಂದ, "ಪರಪರ ಸಾರ್."

"ಗಟ್ಟಿಯಾಗಿ ಹೇಳ್ರೀ!"

"ಪರಪರ ಸಾರ್!"

ಗಾಜಿನ ಬಾಗಿಲು ತೆರೆದೇ ಇತ್ತು. ಹೊರಗೆ ಮೆಷಿನ್‌ಗಳು ನಿಂತಿದ್ದವು. ಅವನು ಫೋನ್ ಇಟ್ಟ. ನಾನೇ ಕೇಳಿದೆ, "ಈ ಹೆಸರು ಮನೆಗೆ ಹೋಗ್ಬೇಕಾ ಸಾರ್, ಇಲ್ಲೇ ಇರ್ಬಹುದಾ?"

"ಹೋಗಿ, ಕೆಲಸ ನೋಡ್ಕೊಳ್ಳಿ" ಅಂದ. ಮೂರು ವರ್ಷದಲ್ಲಿ ಮೊದಲ ಸಲ ನನಗೆ ಬಹುವಚನ ಸಿಕ್ಕಿತು.

ನಾನು ಬಂದು ನನ್ನ ಜಾಗದಲ್ಲಿ ಕೂತೆ. ಎಲ್ಲರೂ ಹೊಲಿಗೆಗೆ ತಲೆ ಬಗ್ಗಿಸಿದ್ದರು, ಯಾರೂ ಹೊಲಿಯುತ್ತಿರಲಿಲ್ಲ. ಆಗ ಗಾಜಿನ ಕೋಣೆಯೊಳಗಿನಿಂದ ಆ ಸದ್ದು ಬಂತು. ಒಂದು ಸಲ, ಮತ್ತೊಂದು ಸಲ. ದಪ್ಪ ಕಾಗದ, ಟೈಪ್ ಮಾಡಿದ್ದು.

ಗುಂಡಿ ತಲೆಯೆತ್ತದೆ, ನೋಟಿಸಿನ ಕೆಳಗೇ ಕೂತು, ಎಲ್ಲರಿಗೂ ಕೇಳುವಂತೆ ಅಂದಳು, "ಉತ್ತರ ಸರಿ ಇತ್ತು."

ಮೆಷಿನ್‌ಗಳು ಹೊರಟವು. ಜೇಬಿನಿಂದ ಕಾಲರಿಗೆ, ಕಾಲರಿನಿಂದ ತೋಳಿಗೆ, ಅಂಗಿಗಳು ಸಾಲು ಹಿಡಿದು ಬಂದವು. ಹತ್ತೂವರೆಯ ಸುಮಾರಿಗೆ ಒಂದು ಅಂಗಿ ನನ್ನ ಬುಟ್ಟಿಗೆ ಬಿತ್ತು. ಎತ್ತಿ ನೋಡಿದೆ. ಐದನೇ ಗುಂಡಿ ಇರಲಿಲ್ಲ.